ಜೊತೆಗೆ ಕೆಲಸ ಮಾಡುವವರಿಗೆ ಶುಗರ್ ಇದೆಯಾ? ಊಟದ ಹೊತ್ತಿನಿಂದ ಶುರು ಮಾಡಿ

ಹಿಂದೆ ನಾನಿದ್ದ ಆಫೀಸಿನಲ್ಲಿ ಒಂದೂವರೆಗೆ ಮುಗಿಯಬೇಕಿದ್ದ ಮೀಟಿಂಗ್ ಎರಡೂವರೆಯಾದರೂ ಮುಗಿದಿರಲಿಲ್ಲ. ಅಕೌಂಟ್ಸ್ ನೋಡುತ್ತಿದ್ದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ರೇಗಿದರು, ಆಮೇಲೆ ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟರು. ಎಸಿ ರೂಮಿನಲ್ಲೂ ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಕೋಪ ಬಂದಿದೆ ಅಂದುಕೊಂಡು ನಾವೆಲ್ಲ ಸುಮ್ನೆ ಕೂತಿದ್ದೆವು. ಕಾಫಿ ತಂದ ಅಕ್ಕ ಮಾತ್ರ ನೋಡಿದ ಕೂಡಲೇ "ಸಾರ್‌ಗೆ ಶುಗರ್ ಇಳಿದಿದೆ" ಅಂದವರೇ ಸಕ್ಕರೆ ಡಬ್ಬ ತರಲು ಓಡಿದರು. ಅವರ ಮನೆಯಲ್ಲೂ ಶುಗರ್ ಇದ್ದವರಿದ್ದರು, ಅದಕ್ಕೇ ಗೊತ್ತಾಯಿತು.

ನೀವು ಮ್ಯಾನೇಜರ್ ಅಥವಾ ಸೂಪರ್‌ವೈಸರ್ ಆಗಿದ್ದರೆ ಮೊದಲು ಶುಗರ್ ಇರುವವರ ಜೊತೆ ಒಂಟಿಯಾಗಿ ಮಾತನಾಡಿ. ಕೆಲಸ ಹೋದೀತು ಅನ್ನುವ ಭಯಕ್ಕೆ ಎಷ್ಟೋ ಜನ ಹೇಳಿಕೊಳ್ಳುವುದೇ ಇಲ್ಲ. ಏನು ಅನುಕೂಲ ಬೇಕು, ಯಾರಿಗೆ ತಿಳಿಸಬಹುದು ಅಂತ ಅವರನ್ನೇ ಕೇಳಿ. ಅವರು ಒಪ್ಪದೆ ಯಾರಿಗೂ ಹೇಳಬೇಡಿ.

ಆಮೇಲೆ ಊಟದ ಹೊತ್ತು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡವರು ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಶುಗರ್ ಕೆಳಗಿಳಿಯುತ್ತದೆ. ಹಾಗಾಗಿ ಮೀಟಿಂಗ್ ಇರಲಿ, ಅರ್ಜೆಂಟ್ ಆರ್ಡರ್ ಇರಲಿ, ಅವರನ್ನು ಊಟಕ್ಕೆ ಬಿಡಿ. ಶಿಫ್ಟ್ ಬದಲಾಗುವುದಿದ್ದರೆ ಕೆಲವು ದಿನ ಮೊದಲೇ ಹೇಳಿ, ಔಷಧಿಯ ಹೊತ್ತನ್ನು ಡಾಕ್ಟರ್ ಹತ್ತಿರ ಕೇಳಿಕೊಳ್ಳುತ್ತಾರೆ. ಗಾರ್ಮೆಂಟ್ಸ್ ಲೈನಿನಲ್ಲಾದರೆ ಟಾಯ್ಲೆಟ್‌ಗೆ ಎದ್ದಾಗ ಮಿಷನ್ ಮೇಲೆ ಕೂರಲು ಇನ್ನೊಬ್ಬರನ್ನು ಗೊತ್ತು ಮಾಡಿ. ಇಲ್ಲದಿದ್ದರೆ ಏಳುವುದೇ ಬೇಡ ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ, ಶುಗರ್ ಜಾಸ್ತಿ ಇದ್ದಾಗ ಅದು ತುಂಬಾ ಕೆಟ್ಟದ್ದು.

ಇನ್ಸುಲಿನ್ ಚುಚ್ಚಿಕೊಳ್ಳಲು ಬಾಗಿಲು ಹಾಕಿಕೊಳ್ಳುವಂಥ ಒಂದು ಚೊಕ್ಕ ಜಾಗ ಕೊಡಿ, ಟಾಯ್ಲೆಟ್ ಅಲ್ಲ. ಓಪನ್ ಮಾಡದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ನಲ್ಲಿ ಮಾತ್ರ ಇಡಲೇಬಾರದು. ಬಳಸಿದ ಸೂಜಿಗೆ ಮುಚ್ಚಳವಿರುವ ಗಟ್ಟಿ ಡಬ್ಬ ಇರಲಿ.

ಈಗ ಎಲ್ಲರೂ ಕಲಿಯಬೇಕಾದ ಮಾತು. ಬೆವರು, ನಡುಕ, ತಲೆಸುತ್ತು, ತೊದಲು ಮಾತು, ಸುಮ್ಮಸುಮ್ಮನೆ ಸಿಟ್ಟು ಕಂಡರೆ ಶುಗರ್ ಇಳಿದಿರಬಹುದು. ರಕ್ತದ ಶುಗರ್ ನೋಡುವ ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಇಳಿದಿದೆ ಅಂತಲೇ ಅರ್ಥ. ಮೀಟರ್ ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ. ಚಾಕೊಲೇಟ್, ಕ್ರೀಮ್ ಬಿಸ್ಕೆಟ್ ನಿಧಾನ, ಡಯಟ್ ಕೂಲ್‌ಡ್ರಿಂಕ್ಸ್ ಪ್ರಯೋಜನವಿಲ್ಲ. 15 ನಿಮಿಷ ಬಿಟ್ಟು ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಲಿ. ಒಬ್ಬರನ್ನೇ ಬಿಡಬೇಡಿ, ಬೈಕ್ ಹತ್ತಿಸಿ ಮನೆಗೆ ಕಳಿಸಲೇಬೇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ ತಕ್ಷಣ 108ಕ್ಕೆ ಫೋನ್ ಮಾಡಿ.

ಸೇಫ್ಟಿ ಶೂ ಹಾಕುವ ಕೆಲಸವಾದರೆ ಸರಿಯಾದ ಸೈಜ್ ಕೊಡಿ. ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ. ಇಎಸ್‌ಐ (ಕಾರ್ಮಿಕರ ವಿಮೆ) ಇದ್ದವರಿಗೆ ಅದರ ಆಸ್ಪತ್ರೆಗೆ ಚೆಕಪ್‌ಗೆ ಹೋಗಲು ಮುಖ ಸಿಂಡರಿಸದೆ ರಜೆ ಕೊಡಿ, ಅಲ್ಲಿ ಕ್ಯೂನಲ್ಲೇ ಅರ್ಧ ದಿನ ಹೋಗುವುದುಂಟು.

ಬರ್ತ್‌ಡೇ ಕೇಕ್ ಬಂದಾಗ "ಒಂದು ಪೀಸಿಗೆ ಏನೂ ಆಗಲ್ಲ, ತಗೊಳ್ಳಿ" ಅಂತ ಒತ್ತಾಯ ಮಾಡಬೇಡಿ. "ನಿಮಗೆ ಇದು ಬೇಡ ಅಲ್ವಾ" ಅಂತ ಎಲ್ಲರ ಮುಂದೆ ತಟ್ಟೆ ಕಿತ್ತುಕೊಳ್ಳುವುದೂ ಬೇಡ. ಏನು ತಿನ್ನಬೇಕು ಅಂತ ಅವರಿಗೆ ಗೊತ್ತಿದೆ. ಟೀ ತರುವವರಿಗೆ ಮಾತ್ರ ನಾಳೆಯಿಂದಲೇ ಹೇಳಿ, ಒಂದು ಫ್ಲಾಸ್ಕ್ ಸಕ್ಕರೆ ಹಾಕದೆ ಬರಲಿ.