ಫೋನ್ ‘ಕಳೆದುಹೋಯಿತು’ ಅಂತ ಬರೆಸಬೇಡಿ

ಬೆಂಗಳೂರಲ್ಲಿ ಬೈಕಿನಲ್ಲಿ ಬಂದ ಇಬ್ಬರು ನಿಮ್ಮ ಕೈಯಲ್ಲಿದ್ದ ಫೋನ್ ಎಗರಿಸಿಕೊಂಡು ಹೋದರು ಅಂತಿಟ್ಟುಕೊಳ್ಳಿ. ಠಾಣೆಗೆ ಹೋದರೆ ಎಷ್ಟೋ ಸಲ ಮೊದಲು ಸಿಗುವ ಸಲಹೆ, ‘ಇ-ಲಾಸ್ಟ್ (ವಸ್ತು ಕಳೆದುಹೋಯಿತು ಅಂತ ಆನ್‌ಲೈನಿನಲ್ಲಿ ಕೊಡುವ ವರದಿ) ಹಾಕಿಬಿಡಿ, ಹೊಸ ಸಿಮ್ ಸಿಗುತ್ತೆ’. ನಾನೂ ಒಮ್ಮೆ ಹಾಗೇ ಮಾಡಿ ಮನೆಗೆ ಬಂದವನು. ಸಿಮ್ ಸಿಕ್ಕಿತು, ಸರಿ. ಆದರೆ ಲೆಕ್ಕದ ಪ್ರಕಾರ ಅವತ್ತು ನಮ್ಮ ರಸ್ತೆಯಲ್ಲಿ ಕಳ್ಳತನವೇ ಆಗಿರಲಿಲ್ಲ, ಯಾರೋ ಒಬ್ಬ ಮರೆಗುಳಿ ಫೋನ್ ಬೀಳಿಸಿಕೊಂಡಿದ್ದ, ಅಷ್ಟೆ. ಕೇಸು ಬಿದ್ದ ಕಡೆ ಗಸ್ತು ಹೋಗುತ್ತದೆ. ಕಾಗದದಲ್ಲಿ ಶಾಂತವಾಗಿರುವ ರಸ್ತೆಗೆ ಯಾರು ಬರುತ್ತಾರೆ?

ಹಾಗಾಗಿ, ಮೊದಲು ಯಾರದ್ದಾದರೂ ಫೋನ್ ತಗೊಂಡು ನಿಂತ ಜಾಗದಿಂದಲೇ 112ಕ್ಕೆ ಕರೆ ಮಾಡಿ. ಪೊಲೀಸರ ಹೊಯ್ಸಳ ಗಸ್ತು ವಾಹನ ಬಂದು ಕಳ್ಳನನ್ನು ಹಿಡಿಯದೇ ಇರಬಹುದು, ಆದರೆ ಎಷ್ಟು ಹೊತ್ತಿಗೆ, ಎಲ್ಲಿಂದ ಕರೆ ಬಂತು ಅನ್ನುವುದು ದಾಖಲಾಗುತ್ತದೆ. ಆಮೇಲೆ ಠಾಣೆಯಲ್ಲಿ ‘ಅಂಥದ್ದೇನೂ ಆಗಿಲ್ವಲ್ಲ’ ಅನ್ನುವುದು ಕಷ್ಟ.

ದೂರನ್ನು ಮನೆಯಲ್ಲೇ ಬರೆದುಕೊಂಡು ಹೋಗಿ, ಎರಡು ಪ್ರತಿ. ಅಲ್ಲಿ ಕೂತು ಬರೆಯಲು ಹೋದರೆ ಅರ್ಧ ಮರೆತುಹೋಗುತ್ತದೆ. ದಿನ, ಸಮಯ, ಯಾವ ಕ್ರಾಸ್, ಯಾವ ಬೇಕರಿ ಎದುರು, ಬೈಕಿನ ಬಣ್ಣ, ಅವರು ಯಾವ ಕಡೆ ತಿರುಗಿದರು, ಎಲ್ಲ ಇರಲಿ. ಮುಖ್ಯವಾದದ್ದು ಎರಡು. ಒಂದು, ‘ಕೈಯಿಂದ ಕಿತ್ತುಕೊಂಡು ಹೋದರು’ ಅಂತಲೇ ಬರೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಳ್ಳುವುದಕ್ಕೆ 304 ಅನ್ನುವ ಬೇರೆಯದೇ ಕಲಂ ಇದೆ. ಎರಡು, ಫೋನಿನ ಬೆಲೆ. ಸಾದಾ ಕಳ್ಳತನದಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಅಂತಾದರೆ ಕೇಸು ಹಗುರವಾಗಿ ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ, ಅಂದರೆ ಸಣ್ಣ ಅಪರಾಧದ ವರದಿ) ಆಗಿಬಿಡಬಹುದು, ಆಗ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಬಿಲ್ ಇದ್ದರೆ ಜೊತೆಗಿಡಿ.

‘ಇದು ನಮ್ಮ ಲಿಮಿಟ್ ಅಲ್ಲ’ ಅಂದರೆ ಝೀರೋ ಎಫ್‌ಐಆರ್ ಮಾಡಿ ಅಂತ ಕೇಳಿ. ಯಾವ ಠಾಣೆಯಾದರೂ ದೂರು ತೆಗೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ. ಕೋರ್ಟಿನ ಅನುಮತಿ ಇಲ್ಲದೆ ತನಿಖೆ ಮಾಡಬಹುದಾದ ಇಂಥ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಆದರೂ ಹಾಕಲ್ಲ ಅಂದರೆ ಜಗಳ ಬೇಡ, ಯಾಕೆ ಹಾಕಲ್ಲ ಅಂತ ಬರೆದು ಕೈಗೆ ಹಿಂಬರಹ ಕೊಡಿ ಅನ್ನಿ. ಈ ಮಾತಿಗೇ ಅರ್ಧ ಠಾಣೆಗಳು ಮೆತ್ತಗಾಗುತ್ತವೆ. ಆಗದಿದ್ದರೆ ಅದೇ ದೂರನ್ನು ನಿಮ್ಮ ವಿಭಾಗದ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

ಸಿಸಿ ಕ್ಯಾಮರಾ ವಿಷಯದಲ್ಲಿ ತಡ ಮಾಡಬೇಡಿ. ಚಿಕ್ಕ ಅಂಗಡಿಗಳ ರೆಕಾರ್ಡಿಂಗ್ ಡಬ್ಬಿಯಲ್ಲಿ ಹಳೆಯದರ ಮೇಲೆ ಹೊಸದು ಬಂದು ಕೂತುಬಿಡುತ್ತದೆ. ಅಂಗಡಿಯವರು ನಿಮಗೆ ಕೊಡದಿದ್ದರೂ ಪರವಾಗಿಲ್ಲ, ಅಳಿಸಬೇಡಿ ಅಂತ ಕೇಳಿಕೊಂಡು ಆ ಅಂಗಡಿಯ ಹೆಸರನ್ನು ದೂರಿನಲ್ಲಿ ಸೇರಿಸಿ. ಫೋನ್ ಬ್ಲಾಕ್ ಮಾಡಿಸಲು ಸಿಇಐಆರ್ ಅನ್ನುವ ಸರ್ಕಾರಿ ವೆಬ್‌ಸೈಟ್ ಇದೆ, ಅದಕ್ಕೆ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರ್ ಬೇಕು. ಈಗಲೇ *#06# ಒತ್ತಿ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಅಲ್ಲ ಮತ್ತೆ!

ದುಡ್ಡು ಖಾತೆಯಿಂದ ಹೋಗಿದ್ದರೆ ಠಾಣೆ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ ಬೆಂಗಳೂರಿನ ಸೈಬರ್ ಕೇಸುಗಳು 2022ರಲ್ಲಿ 9,940, 2023ರಲ್ಲಿ 17,631. ಎಷ್ಟು ಬೇಗ ಹೇಳುತ್ತೀರೋ ಅಷ್ಟು ದುಡ್ಡು ಮಧ್ಯದಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಇನ್ನು ಏರಿಯಾದ ಮಾತು. ನಿಮ್ಮ ಬೀಟ್ ಪೊಲೀಸ್ ಯಾರು ಅಂತ ಠಾಣೆಯಲ್ಲಿ ಕೇಳಿ ನಂಬರ್ ತಗೊಳ್ಳಿ. ಪೊಲೀಸ್ ಇಲಾಖೆಯ ವೆಬ್‌ಸೈಟಿನಲ್ಲಿ ಠಾಣೆವಾರು ಎಫ್‌ಐಆರ್ ನೋಡಬಹುದು, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಎರಡು ತಿಂಗಳದ್ದು ನೋಡಿದರೆ ಸರಗಳ್ಳತನ ಬೆಳಗಿನ ವಾಕಿಂಗ್ ಹೊತ್ತಲ್ಲೋ, ಬೈಕ್ ಹೋಗಿದ್ದು ಪಿಜಿಗಳ ಮುಂದೋ ಅಂತ ಒಂದು ಅಂದಾಜು ಸಿಗುತ್ತದೆ. ಠಾಣೆಯಲ್ಲಿ ಜನಸಂಪರ್ಕ ಸಭೆ ಇದ್ದಾಗ ಅದನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ನಾಲ್ಕು ಜನ ಹೋಗಿ. ‘ಸೇಫ್ಟಿನೇ ಇಲ್ಲ ಸಾರ್’ ಅಂದರೆ ತಲೆಯಾಡಿಸಿ ಕಳಿಸುತ್ತಾರೆ. ‘ಪಾರ್ಕಿನ ಹಿಂದಿನ ರಸ್ತೆ, ರಾತ್ರಿ 9ರಿಂದ 11, ಬೀದಿದೀಪ ಇಲ್ಲ, ಮೂರು ಕೇಸು’ ಅಂದರೆ ಇನ್‌ಸ್ಪೆಕ್ಟರ್ ಪೆನ್ನು ತೆಗೆಯುತ್ತಾರೆ.

ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಸ್ವಲ್ಪ ಹುಷಾರು. ಡೆಲಿವರಿ ಹುಡುಗ ಎರಡು ಸಲ ಗೇಟ್ ಮುಂದೆ ಓಡಾಡಿದ ಅಂತ ಅವನ ಫೋಟೋ ಹಾಕಿ ‘ಕಳ್ಳ, ಎಚ್ಚರ’ ಅನ್ನುವವರು ಎಲ್ಲ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಪಾಪ, ಅವನಿಗೆ ಮನೆ ನಂಬರ್ ಸಿಕ್ಕಿರುವುದಿಲ್ಲ. ಅನುಮಾನ ಇದ್ದರೆ ಬೀಟ್‌ನವರಿಗೆ ಹೇಳಿ, ಗ್ರೂಪಿಗೆ ಬೇಡ.

ಹಬ್ಬಕ್ಕೆ ಊರಿಗೆ ಹೊರಟಾಗಲೂ ಅದೇ ಬೀಟ್ ನಂಬರಿಗೆ ವಿಳಾಸ, ಹೋಗುವ ದಿನ, ಬರುವ ದಿನ ಕಳಿಸಿ. ಪಕ್ಕದ ಮನೆಯವರಿಗೆ ಪೇಪರ್, ಹಾಲಿನ ಪ್ಯಾಕೆಟ್ ಎತ್ತಿಡಲು ಹೇಳಿ. ಬಸ್‌ಸ್ಟ್ಯಾಂಡಿನಿಂದಲೇ ಸ್ಟೇಟಸ್ ಹಾಕುವ ಆಸೆ ಇದ್ದರೆ, ಅದನ್ನು ವಾಪಸ್ ಬಂದಮೇಲೆ ಹಾಕಿ.