ಮುಖ ಕಾಣದ ಕೌನ್ಸೆಲಿಂಗ್: ನನ್ನ ಅನುಭವ

"ಮುಖ ನೋಡದೆ ಅದೆಂಥ ಕೌನ್ಸೆಲಿಂಗ್?" ಎಂದು ನಕ್ಕವರಲ್ಲಿ ಒಂದಿಬ್ಬರು ಈಗ ತಮ್ಮ ಕ್ಲೈಂಟ್‌ಗಳನ್ನು ನನ್ನ ಬಳಿಗೇ ಕಳುಹಿಸುತ್ತಿದ್ದಾರೆ. ಫೋನಿನಲ್ಲೇ ಕೌನ್ಸೆಲಿಂಗ್ ಮಾಡುವ ನಾನು ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

2020ರ ಲಾಕ್‌ಡೌನ್‌ನಲ್ಲಿ ಕೌನ್ಸೆಲರ್‌ಗಳೆಲ್ಲರೂ ವಿಡಿಯೊಗೆ ಹೋದೆವು. ಬೀಗ ತೆರೆದ ಮೇಲೆ ಹೆಚ್ಚಿನವರು ಕೋಣೆಗೆ ಮರಳಿದರು, ನಾನು ಮರಳಲಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯವರು ಶಿವಮೊಗ್ಗಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಪೇಟೆಗೆ ಏಕೆ ಹೊರಟಿದ್ದೇವೆಂದು ಬೇರೆ ಹೇಳಬೇಕು.

ಆದರೆ ವಿಡಿಯೊ ನಡೆಯಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಇಂಟರ್ನೆಟ್ ಕೂಡ ಮಲಗುತ್ತದೆ. ಅಳು ಬರುವ ಹೊತ್ತಿಗೆ ಸರಿಯಾಗಿ ಮುಖ ಪರದೆಯ ಮೇಲೆ ಸ್ತಬ್ಧ. ನೆಟ್‌ವರ್ಕ್ ಚೆನ್ನಾಗಿದ್ದ ದಿನವೂ ಕ್ಲೈಂಟ್ ನನ್ನನ್ನು ನೋಡುವ ಬದಲು ಮೂಲೆಯ ಚೌಕದಲ್ಲಿ ತನ್ನನ್ನೇ ನೋಡಿಕೊಂಡು ಕೂದಲು ಸರಿಪಡಿಸಿಕೊಳ್ಳುತ್ತಿದ್ದರು. ಈಗ ಮೊದಲ ಭೇಟಿ ಮಾತ್ರ ವಿಡಿಯೊ, ಆಮೇಲೆಲ್ಲ ಸಾಮಾನ್ಯ ಫೋನ್ ಕರೆ, ಮುಕ್ಕಾಲು ಗಂಟೆ.

ಫೋನಿನಲ್ಲಿ ಕಾಡುವುದು ಮೌನ. ಕೋಣೆಯಲ್ಲಿ ಅರ್ಧ ನಿಮಿಷ ಸುಮ್ಮನಿದ್ದರೆ ಏನೂ ಆಗದು. ಫೋನಿನಲ್ಲಿ "ಹಲೋ, ಕೇಳಿಸುತ್ತಿದೆಯೇ?" ಎಂದರೆ ಅಲ್ಲಿಗೆ ಮುಗಿಯಿತು, ಹೊರಬರುತ್ತಿದ್ದ ಮಾತು ಒಳಗೆ ಹೋಗಿಬಿಡುತ್ತದೆ. ಲೈನ್ ಕಡಿದರೆ ನಾನೇ ಮತ್ತೆ ಕರೆ ಮಾಡುತ್ತೇನೆ, ಅಲ್ಲಿಯವರೆಗೆ ಇಲ್ಲೇ ಇದ್ದೇನೆಂದು ತಿಳಿಯಿರಿ ಎಂದು ಮೊದಲೇ ಹೇಳಿಟ್ಟಿರುತ್ತೇನೆ. ಮನೆಯಲ್ಲಿ ಹೊಡೆತ ತಿನ್ನುವವರ ವಿಷಯದಲ್ಲಿ ಮಾತ್ರ ಇದು ತಿರುವುಮುರುವು: ಅವರೇ ಕರೆ ಮಾಡಬೇಕು, ನಾನು ಎಂದಿಗೂ ಮಾಡುವುದಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಜಾಗ. ಅತ್ತೆ ಹಾಲ್‌ನಲ್ಲಿ ಕುಳಿತಿರುವಾಗ ಅತ್ತೆಯ ಬಗ್ಗೆ ಯಾರು ಮಾತನಾಡುತ್ತಾರೆ? ಹಾಗಾಗಿ ಮೊದಲ ಭೇಟಿಯ ಅರ್ಧ ಹೊತ್ತು ಎಲ್ಲಿ ಕೂರುತ್ತೀರಿ ಎಂಬುದಕ್ಕೇ ಹೋಗುತ್ತದೆ. ತಾರಸಿ, ತೋಟದ ಅಂಚು, ನಿಲ್ಲಿಸಿದ ಕಾರು ಎಲ್ಲವೂ ಆಗುತ್ತದೆ. ಇಯರ್‌ಫೋನ್ ಕಡ್ಡಾಯ. ಯಾರಾದರೂ ಹತ್ತಿರ ಬಂದರೆ ಕ್ಲೈಂಟ್ "ಗ್ಯಾಸ್ ಬುಕ್ ಆಯಿತೇ?" ಎನ್ನುತ್ತಾರೆ, ನಾನೂ ಸಿಲಿಂಡರ್ ವಿಚಾರಕ್ಕೆ ಇಳಿಯುತ್ತೇನೆ.

ಪ್ರತಿ ಸಲ ಶುರುವಿನಲ್ಲಿ ಈಗ ಎಲ್ಲಿದ್ದೀರಿ ಎಂದು ಕೇಳಿ ಬರೆದುಕೊಳ್ಳುತ್ತೇನೆ, ಹತ್ತಿರದವರೊಬ್ಬರ ನಂಬರ್ ಫೈಲಿನಲ್ಲಿರುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ, ಹಗಲು ರಾತ್ರಿ ಸಿಗುತ್ತದೆ; ಅದನ್ನು ಎಲ್ಲರಿಗೂ ಕೊಡುತ್ತೇನೆ. ಔಷಧಿ ಬೇಕಾದವರನ್ನು, ಸಾಯುವ ಮಾತಾಡುವವರನ್ನು ಫೋನಿನಲ್ಲೇ ಎಳೆದಾಡದೆ ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ.

ಇನ್ನು ದುಡ್ಡು. ಮೊದಲ ವರ್ಷ ಮಾತು ಮುಗಿದ ಮೇಲೆ ಶುಲ್ಕ ಎಂದಿದ್ದೆ. ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಬರಲೇ ಇಲ್ಲ, "ಮುಂದಿನ ಸಲ ಒಟ್ಟಿಗೆ" ಎಂಬಲ್ಲಿಗೇ ನಿಂತಿತು. ಈಗ ಆರುನೂರು ರೂಪಾಯಿ, ಮುಂಗಡ. ದುಡ್ಡು ಕಟ್ಟಿದವರು ಹೇಳಿದ ಹೊತ್ತಿಗೆ ಫೋನ್ ಎತ್ತುತ್ತಾರೆ. ತಿಂಗಳಿಗೆ ಏಳೆಂಟು ಸಾವಿರದ ಬಾಡಿಗೆ ಉಳಿಯಿತು, ಖರ್ಚೆಂದರೆ ಒಳ್ಳೆಯ ಹೆಡ್‌ಸೆಟ್, ಎರಡನೆಯ ಸಿಮ್. ಆದರೆ ಹೆಂಡತಿ ದುಡ್ಡು ಕಳುಹಿಸಿದರೆ ಬ್ಯಾಂಕಿನ ಸಂದೇಶ ಗಂಡನ ಮೊಬೈಲ್‌ಗೆ ಹೋಗುವ ಮನೆಗಳಿವೆ. ಅದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ. ಇಲ್ಲಿ ಬರೆದರೆ ಗಂಡಂದಿರೂ ಓದುತ್ತಾರೆ.

ನಡುವೆ ಕಾಲೇಜು ಹುಡುಗರೊಂದಿಗೆ ಬರಹದ ಚಾಟ್ ಮಾಡಿ ನೋಡಿದೆ. ಬಾಯಲ್ಲಿ ಹೇಳದ್ದನ್ನು ಟೈಪ್ ಮಾಡಿದರು ನಿಜ, ಆದರೆ ಹತ್ತು ನಿಮಿಷದ ಮಾತಿಗೆ ಒಂದು ಗಂಟೆ ಬೇಕಾಯಿತು. ಧ್ವನಿ ಸಂದೇಶವಂತೂ ಪೂರ್ತಿ ಸೋತಿತು, ಅಳಿಸಿ ಅಳಿಸಿ ಮತ್ತೆ ರೆಕಾರ್ಡ್ ಮಾಡಿ ಭಾಷಣ ಕಳುಹಿಸುತ್ತಿದ್ದರು. ಅಮೆರಿಕದಿಂದಲೂ ಕೇಳಿಕೆ ಬರುತ್ತದೆ. ಅಲ್ಲಿ ಕೌನ್ಸೆಲಿಂಗ್ ಪರವಾನಗಿ ರಾಜ್ಯಕ್ಕೊಂದು, ಅಲ್ಲಿನ ಕೌನ್ಸೆಲರನ್ನೇ ಹುಡುಕಿಕೊಳ್ಳಿ ಎನ್ನುತ್ತೇನೆ.

ಈಗ ನಡೆಯುತ್ತಿರುವುದು ದಂಪತಿಗಳ ಪ್ರಯೋಗ. ಒಂದೇ ಫೋನಿನ ಸ್ಪೀಕರ್ ಮುಂದೆ ಕೂರಿಸಿದರೆ ಯಾರ ಮಾತು ಯಾವುದೆಂದೇ ತಿಳಿಯುವುದಿಲ್ಲ. ಒಬ್ಬರನ್ನು ಜಗುಲಿಯಲ್ಲಿ, ಇನ್ನೊಬ್ಬರನ್ನು ಹಿತ್ತಿಲಲ್ಲಿ ಕೂರಿಸಿ ಕಾನ್ಫರೆನ್ಸ್ ಕರೆ ಮಾಡಿದ ಮೇಲೆ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಿದ್ದಾರೆ. ಜೂನ್ ಬಂದರೆ ಹಿತ್ತಿಲಿನವರನ್ನು ಎಲ್ಲಿ ಕೂರಿಸುವುದೆಂದು ಇನ್ನೂ ಯೋಚಿಸಿಲ್ಲ.