ಕರಿದ ಎಣ್ಣೆ, ಉಳಿದ ಸಾರು ಗಟಾರಕ್ಕೆ ಬೇಡ

ಹುಬ್ಬಳ್ಳಿ-ಧಾರವಾಡದಲ್ಲಿ ಖಾನಾವಳಿ ಅಥವಾ ಮಿರ್ಚಿ ಭಜಿ ಅಂಗಡಿ ನಡೆಸುತ್ತೀರಾ? ಹಾಗಾದ್ರೆ ಮೊದಲು ಕರಿದ ಎಣ್ಣೆ ಕಡೆ ಗಮನ ಕೊಡಿ. ಗಟಾರಕ್ಕೆ ಸುರಿದ ಎಣ್ಣೆ ತಣ್ಣಗಾದಂತೆ ಪೈಪಿನ ಒಳಗೆಲ್ಲ ಅಂಟುತ್ತದೆ, ಅದಕ್ಕೆ ಅನ್ನದ ಅಗುಳು, ಬೇಳೆ ಹಿಡಿದು ದಪ್ಪನೆ ಜಿಡ್ಡು ಕಟ್ಟುತ್ತದೆ, ಕೊನೆಗೆ ಗಲೀಜು ನೀರು ಪಕ್ಕದವರ ಬಾಗಿಲಿಗೇ ಬರುತ್ತದೆ.

ಎಣ್ಣೆ ಆರಿದ ಮೇಲೆ ಸೋಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ತುಂಬಿಡಿ. ಟೋಟಲ್ ಪೋಲಾರ್ ಕಾಂಪೌಂಡ್ಸ್ (ಪದೇ ಪದೇ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶಗಳು) 25% ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಈ ನಿಯಮ 2018ರ ಜುಲೈ 1ರಿಂದಲೇ ಇದೆ. ಕರಿಯಲು ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವವರು ಲೆಕ್ಕ ಬರೆದಿಡಲೇಬೇಕು. ಹಳೇ ಎಣ್ಣೆಯನ್ನು ಬಯೋಡೀಸೆಲ್‌ಗೆ ಒಯ್ಯುವ ಅಧಿಕೃತ ಏಜೆನ್ಸಿಗೇ ಕೊಡಿ, ರಸೀದಿ ಇಟ್ಟುಕೊಳ್ಳಿ. ಯಾರೋ ಕೇಳಿದ್ರು ಅಂತ ಸುಮ್ನೆ ಮಾರಬೇಡಿ, ಅದೇ ಎಣ್ಣೆ ಮತ್ತೆ ಯಾರದೋ ತಟ್ಟೆಗೆ ಬರಬಹುದು ಅಲ್ವಾ?

ಸಾರು, ಮಜ್ಜಿಗೆ ಉಳಿದರೆ ಸೋಸಿ. ಗಟ್ಟಿ ಭಾಗ ಪಾಲಿಕೆಯ ಗಾಡಿಗೆ, ಹಸಿ ಕಸದಲ್ಲಿ. ಸೋಸಿದ ತಿಳಿ ನೀರು ಗ್ರೀಸ್ ಟ್ರ್ಯಾಪ್ (ಜಿಡ್ಡು ತಡೆದು ಹಿಡಿಯುವ ತೊಟ್ಟಿ) ದಾಟಿ ಒಳಚರಂಡಿಗೆ ಹೋಗಲಿ, ಮಳೆನೀರಿನ ಗಟಾರಕ್ಕಲ್ಲ. ಟ್ರ್ಯಾಪಿನ ಮೇಲೆ ತೇಲುವ ಜಿಡ್ಡನ್ನು ಆಗಾಗ ಕೈಯಾರೆ ತೆಗೆಸಿ. ಕುದಿ ನೀರು ಸುರಿದು ಕರಗಿಸಬೇಡಿ, ಅದು ಮುಂದೆ ಹರಿದು ಬೀದಿಯ ಪೈಪಿನಲ್ಲಿ ಗಟ್ಟಿಯಾಗುತ್ತದೆ.